ನಡೆದರೆ ಹಿಡಿಯುವ ಕಾಲು, ತಣ್ಣಗಿರುವ ಪಾದ: ಮೊದಲು ಆ ಬಿಸಿನೀರಿನ ಬ್ಯಾಗ್ ತೆಗೆದಿಡಿ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಅಪ್ಪನಿಗೆ 58 ವರ್ಷ. ಮೂವತ್ತು ವರ್ಷದಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಒಂಬತ್ತು ವರ್ಷದಿಂದ ಶುಗರ್ ಇದೆ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ಆರು ತಿಂಗಳಿಂದ ಗೂಡಿನ ಮಾರುಕಟ್ಟೆಗೆ ನಡೆದು ಹೋಗುವಾಗ ಅರ್ಧ ದಾರಿಯಲ್ಲೇ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ. ಎರಡು ನಿಮಿಷ ನಿಂತರೆ ಬಿಡುತ್ತೆ. ಮತ್ತೆ ನಡೆದರೆ ಮತ್ತೆ ಅದೇ. ಪಾದ ಯಾವಾಗಲೂ ತಣ್ಣಗಿರುತ್ತೆ. ನರದ ವೀಕ್‌ನೆಸ್ ಅಂತ ಹತ್ತು ಇಂಜೆಕ್ಷನ್ ಹಾಕಿಸಿದ್ದಾಯಿತು, ಏನೂ ಗುಣ ಕಾಣಲಿಲ್ಲ. ರಾತ್ರಿ ಅಮ್ಮ ಪಾದಕ್ಕೆ ಬಿಸಿನೀರಿನ ಬ್ಯಾಗ್ ಇಡುತ್ತಾರೆ. ಈಗ ಊರಲ್ಲಿ ಕಾಲು ಮಸಾಜ್ ಮಷೀನಿನ ಕ್ಯಾಂಪ್ ಹಾಕಿದ್ದಾರೆ. ಕೊಂಡರೆ ರಕ್ತ ಸಂಚಾರ ಸರಿಹೋಗುತ್ತೆ ಅಂತಾರೆ. ಕೊಳ್ಳಬಹುದಾ ಡಾಕ್ಟ್ರೇ?

ಉತ್ತರ: ಮಷೀನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನೋಡಮ್ಮ, ಮೊದಲು ಆ ಬಿಸಿನೀರಿನ ಬ್ಯಾಗನ್ನು ಇವತ್ತು ರಾತ್ರಿಯಿಂದಲೇ ನಿಲ್ಲಿಸಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಅದೇ.

ನಿಮ್ಮಮ್ಮನದು ತಪ್ಪಲ್ಲ. ಕಾಲು ತಣ್ಣಗಿದ್ದರೆ ಕಾವು ಕೊಡಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಚರ್ಮ ಬಿಸಿಯಾದಷ್ಟೂ ಅಲ್ಲಿನ ಮಾಂಸ ಹೆಚ್ಚು ರಕ್ತ ಕೇಳುತ್ತದೆ. ಬರುವ ದಾರಿಯೇ ಕಟ್ಟಿಕೊಂಡಿದ್ದರೆ ಎಲ್ಲಿಂದ ಕೊಡುವುದು? ಜೊತೆಗೆ ಒಂಬತ್ತು ವರ್ಷದ ಶುಗರ್ ಇದೆ. ಪಾದದ ಸ್ಪರ್ಶ ಮಂಕಾಗಿರುವ ಸಾಧ್ಯತೆ ಬಹಳ. ಬ್ಯಾಗ್ ಸುಡುತ್ತಿದ್ದರೂ ಅವರಿಗೆ ಹಿತವಾಗಿಯೇ ಇರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬೊಬ್ಬೆ. ರಕ್ತ ಚೆನ್ನಾಗಿ ಹರಿಯುವ ಕಾಲಿನಲ್ಲಿ ಆ ಬೊಬ್ಬೆ ವಾರ ಹತ್ತು ದಿನದಲ್ಲಿ ಒಣಗುತ್ತದೆ. ಇಂಥ ಕಾಲಿನಲ್ಲಿ ಅದು ಒಣಗುವುದಿಲ್ಲ, ಕಪ್ಪಾಗುತ್ತದೆ. ಹೀಗೆ ಒಂದು ಬೊಬ್ಬೆಯಿಂದ ಶುರುವಾಗಿ ಬೆರಳು ಕಳೆದುಕೊಂಡವರನ್ನು ನಾನು ಒಬ್ಬಿಬ್ಬರಲ್ಲ, ಎಷ್ಟೋ ಜನರನ್ನು ನೋಡಿದ್ದೇನೆ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದು, ಇಟ್ಟಿಗೆ ಕಾಯಿಸಿ ಇಡುವುದು, ಉಪ್ಪು ಹಾಕಿದ ಬಿಸಿನೀರಲ್ಲಿ ಪಾದ ನೆನೆಸುವುದು, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಚಳಿ ಅನ್ನಿಸಿದರೆ ಸಡಿಲವಾದ ಹತ್ತಿ ಸಾಕ್ಸ್ ಹಾಕಿ, ಕಂಬಳಿ ಹೊದಿಸಿ. ಅಷ್ಟು ಸಾಕು.

ಇನ್ನು ತೊಂದರೆ ಏನು ಅಂತ ನೋಡೋಣ. ನೀವು ಬರೆದಿರುವ ಮೂರು ಮಾತಿನಲ್ಲೇ ಬಹುಪಾಲು ಉತ್ತರ ಇದೆ. ನಡೆದರೆ ಹಿಡಿಯುತ್ತೆ. ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತೆ. ಮತ್ತೆ ನಡೆದರೆ ಮತ್ತೆ ಹಿಡಿಯುತ್ತೆ. ಇದು ಕಾಲಿಗೆ ರಕ್ತ ಒಯ್ಯುವ ಧಮನಿ ಕಿರಿದಾಗಿರುವುದರ ಲಕ್ಷಣ. ಪರೀಕ್ಷೆ ಮಾಡದೆ ಖಚಿತ ಹೇಳುವುದು ಸರಿಯಲ್ಲ. ಆದರೆ ಬೀಡಿ ಮತ್ತು ಶುಗರ್ ಎರಡೂ ಇರುವ 58 ವರ್ಷದವರು ಹೀಗೆ ಹೇಳಿದರೆ, ಬೇರೇನೋ ಎಂದು ಸಾಬೀತಾಗುವವರೆಗೆ ನಾನು ಅದನ್ನು ರಕ್ತನಾಳದ ತೊಂದರೆ ಎಂದೇ ಹಿಡಿಯುತ್ತೇನೆ.

ನಿಮ್ಮ ಕಡೆ ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ ಹಾಕಿರುತ್ತಾರೆ, ಅಲ್ವಾ? ಬೋರ್‌ವೆಲ್ ನೀರಿನ ಉಪ್ಪು ವರ್ಷಗಟ್ಟಲೆ ಪೈಪಿನ ಒಳಗೆ ಕಟ್ಟುತ್ತಾ ಹೋಗುತ್ತದೆ. ಮೊದಲು ಬಾಡುವುದು ಸಾಲಿನ ಕೊನೆಯ ಗಿಡ. ಕಾಲಿನಲ್ಲೂ ಹಾಗೆಯೇ. ಕೊಬ್ಬು, ಸುಣ್ಣದ ಅಂಶ ಧಮನಿಯ ಗೋಡೆಗೆ ಕಟ್ಟುತ್ತಾ ಒಳದಾರಿ ಕಿರಿದಾಗುತ್ತದೆ. ಕೂತಾಗ ಮಲಗಿದಾಗ ಸ್ನಾಯುವಿಗೆ ಸ್ವಲ್ಪ ರಕ್ತ ಸಾಕು, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ನಡೆಯಲು ಶುರುಮಾಡಿದರೆ ಮೀನಖಂಡ ಹಲವು ಪಟ್ಟು ಹೆಚ್ಚು ರಕ್ತ ಕೇಳುತ್ತದೆ. ಅಷ್ಟು ಬರುವುದಿಲ್ಲ. ಆಗ ಹಿಡಿಯುತ್ತದೆ. ನಿಂತರೆ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ. ಸಾಲಿನ ತುದಿಯ ಗಿಡ ಅಂದರೆ ಇಲ್ಲಿ ಕಾಲ್ಬೆರಳು. ತೊಂದರೆ ಮುಂದುವರಿದರೆ ಕೊನೆಗೆ ಕಪ್ಪಾಗುವುದು ಅದೇ.

ಕಾಲುನೋವೆಲ್ಲ ರಕ್ತದ ತೊಂದರೆ ಅಂತ ತಿಳಿಯಬೇಡಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇನ್ನೂ ನಾಲ್ಕು ಕಾರಣಗಳು ಇದರ ಜೊತೆ ಕಲಸಿಹೋಗುತ್ತವೆ. ಶುಗರಿನಿಂದ ನರ ಕೆಟ್ಟಿದ್ದರೆ ಎರಡೂ ಪಾದಗಳಲ್ಲಿ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ಇರುತ್ತದೆ. ಅದಕ್ಕೂ ನಡಿಗೆಗೂ ಸಂಬಂಧ ಕಡಿಮೆ. ರಾತ್ರಿ ಜಾಸ್ತಿಯಾಗುತ್ತದೆ. ಸೊಂಟದ ಮೂಳೆಯೊಳಗೆ ನರ ಒತ್ತಿಕೊಂಡಿದ್ದರೂ ನಡೆದಾಗ ಕಾಲು ಹಿಡಿಯುತ್ತದೆ. ಆದರೆ ಅಂಥವರಿಗೆ ಸುಮ್ನೆ ನಿಂತರೆ ಸಾಲದು. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಆಗಲೇ ಆರಾಮ. ಇದೊಂದು ಪ್ರಶ್ನೆಯನ್ನು ನಿಮ್ಮ ತಂದೆಗೆ ಕೇಳಿ ನೋಡಿ: ನಿಂತರೆ ಸಾಕಾ, ಕೂರಲೇಬೇಕಾ?

ಮೂರನೆಯದು ನೀರಿನ ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಆಳದ ಬೋರ್‌ವೆಲ್ ನೀರು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ಕೀಲುಗಳು ಬಿಗಿಯುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇದರ ನೋವು ಬೆನ್ನು, ಕುತ್ತಿಗೆ, ಮಂಡಿಯಲ್ಲಿ ಜಾಸ್ತಿ. ಬಗ್ಗಲು, ಕುಕ್ಕರಗಾಲಲ್ಲಿ ಕೂರಲು ಕಷ್ಟ. ಪಾದದ ನಾಡಿ ಮಾತ್ರ ಚೆನ್ನಾಗಿಯೇ ಸಿಗುತ್ತದೆ.

ನಾಲ್ಕನೆಯದು ನಿಮ್ಮ ಮನೆಯ ಕಸುಬಿಗೇ ಅಂಟಿಕೊಂಡದ್ದು. ರೀಲಿಂಗ್ ಯಂತ್ರದ ಮುಂದೆ ದಿನವಿಡೀ ನಿಂತು ಕೆಲಸ ಮಾಡುವವರ ಕಾಲಿನಲ್ಲಿ ಹಸಿರು ನರಗಳು ಹಾವಿನ ಹಾಗೆ ಉಬ್ಬುತ್ತವೆ. ಸಂಜೆಗೆ ಕಣಕಾಲು ಊದುತ್ತದೆ, ಭಾರವಾಗುತ್ತದೆ, ಹರಡಿನ ಸುತ್ತ ಚರ್ಮ ಕಪ್ಪಾಗುತ್ತದೆ. ಇದು ಕೆಳಗಿನಿಂದ ರಕ್ತ ಮೇಲಕ್ಕೆ ಹಿಂತಿರುಗುವ ದಾರಿಯ ತೊಂದರೆ. ಅವರಿಗೆ ಕಾಲು ಎತ್ತಿ ಇಟ್ಟರೆ ಹಿತ. ನಡೆದರೆ ಹಿತ. ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಹಿತ. ನಿಮ್ಮ ತಂದೆಗೆ ಇರಬಹುದಾದ್ದು ಮೇಲಿನಿಂದ ಕೆಳಕ್ಕೆ ಬರುವ ದಾರಿಯ ತೊಂದರೆ. ಅವರಿಗೆ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಬರುತ್ತಿರುವ ಅಲ್ಪಸ್ವಲ್ಪ ರಕ್ತವೂ ನಿಲ್ಲಬಹುದು. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಸ್ಟಾಕಿಂಗ್ಸ್ ಅಂತ ತಂದು ಹಾಕಿಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಅದನ್ನು ಚೀಟಿ ಇಲ್ಲದೆಯೇ ಕೊಡುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವೇ ಮನೆಯಲ್ಲಿ ಒಂದು ಕೆಲಸ ಮಾಡಬಹುದು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನಿಂದ ಪಾದದ ಮೇಲ್ಭಾಗದಲ್ಲಿ ಹಿಂದಕ್ಕೆ ಬನ್ನಿ. ಪಾದದ ನಡುಮಧ್ಯ ಬರುವ ಹೊತ್ತಿಗೆ ಎರಡು ಮೂರು ಬೆರಳು ಹಗುರವಾಗಿ ಇಟ್ಟು ಹಿಡಿಯಿರಿ. ನಾಡಿ ಮಿಡಿಯಬೇಕು. ಇನ್ನೊಂದು ಜಾಗ ಒಳಗಡೆಯ ಹರಡಿನ ಮೂಳೆಯ ಹಿಂದೆ. ನಿಮ್ಮ ಹೆಬ್ಬೆರಳಿನಿಂದ ಹಿಡಿಯಬೇಡಿ, ನಿಮ್ಮ ನಾಡಿಯೇ ನಿಮಗೆ ಸಿಕ್ಕಿ ಮೋಸವಾಗುತ್ತದೆ. ಮೊದಲು ನಿಮ್ಮ ಕಾಲಿನಲ್ಲೇ ಹುಡುಕಿ ಅಭ್ಯಾಸ ಮಾಡಿಕೊಳ್ಳಿ. ಪಾದದ ಮೇಲಿನ ನಾಡಿ ಆರೋಗ್ಯವಂತರಲ್ಲೂ ಕೆಲವರಿಗೆ ಸಿಗುವುದಿಲ್ಲ. ಆದರೆ ಎರಡೂ ಜಾಗದಲ್ಲಿ ಸಿಗದಿದ್ದರೆ, ಅಥವಾ ಎಡಗಾಲಿನಲ್ಲಿ ಸಿಕ್ಕಿ ಬಲಗಾಲಿನಲ್ಲಿ ಸಿಗದಿದ್ದರೆ, ಅದು ದೊಡ್ಡ ಸುಳಿವು.

ಇನ್ನೊಂದು ಗುರುತು ಇದೆ. ಜನ ಇದನ್ನು ಉಲ್ಟಾ ಅರ್ಥ ಮಾಡಿಕೊಳ್ಳುತ್ತಾರೆ. ಮಲಗಿದಾಗ ಕಾಲನ್ನು ಒಂದು ನಿಮಿಷ ಮೇಲೆತ್ತಿ ಹಿಡಿದರೆ ಪಾದ ಬಿಳಿಚಿಕೊಳ್ಳುತ್ತದೆ. ಮಂಚದಿಂದ ಇಳಿಬಿಟ್ಟರೆ ನಿಧಾನವಾಗಿ ಕಡುಗೆಂಪಾಗುತ್ತದೆ. ಕೆಂಪಗಾಯಿತು, ರಕ್ತ ಬಂತು ಅಂತ ಸಂತೋಷಪಡುತ್ತಾರೆ. ನಿಜವಾಗಿ ಅದು ರಕ್ತ ಸಾಲದೆ ಸಣ್ಣ ನಾಳಗಳೆಲ್ಲ ಬಾಯಿ ತೆರೆದು ನಿಂತಿರುವುದರ ಬಣ್ಣ.

ಆಸ್ಪತ್ರೆಯಲ್ಲಿ ಮಾಡುವ ಮೊದಲ ಪರೀಕ್ಷೆ ಬಹಳ ಸರಳ. ಸೂಜಿ ಇಲ್ಲ, ನೋವಿಲ್ಲ. ತೋಳಿನಲ್ಲಿ ಬಿಪಿ ನೋಡಿದ ಹಾಗೆ ಕಣಕಾಲಿನಲ್ಲೂ ನೋಡುತ್ತಾರೆ. ಸಣ್ಣ ಡಾಪ್ಲರ್ ಯಂತ್ರದಿಂದ ರಕ್ತ ಹರಿಯುವ ಸದ್ದು ಕೇಳಿಕೊಂಡು ಅಳೆಯುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸುತ್ತಾರೆ. ಇದಕ್ಕೆ ಎಬಿಐ ಅನ್ನುತ್ತಾರೆ. ತೋಳಿನಲ್ಲಿ 140, ಕಣಕಾಲಿನಲ್ಲಿ 84 ಬಂದರೆ 0.6. ಸಾಮಾನ್ಯವಾಗಿ 1ರ ಆಸುಪಾಸು ಇರಬೇಕು. 0.9ಕ್ಕಿಂತ ಕಡಿಮೆ ಅಂದರೆ ಧಮನಿ ಕಿರಿದಾಗಿದೆ. 0.4ಕ್ಕಿಂತ ಕೆಳಗಿಳಿದರೆ ಕಾಲಿಗೇ ಅಪಾಯ. ಶುಗರ್ ಇರುವವರಲ್ಲಿ ಒಂದು ತೊಡಕಿದೆ. ಧಮನಿಯ ಗೋಡೆಗೆ ಸುಣ್ಣ ಕಟ್ಟಿ ಪೈಪು ಗಟ್ಟಿಯಾಗಿರುತ್ತದೆ. ಪಟ್ಟಿ ಬಿಗಿದರೂ ಒತ್ತುವುದಿಲ್ಲ. ಹಾಗಾಗಿ ಅಂಕಿ ಸುಳ್ಳೇ ಚೆನ್ನಾಗಿ ಬರುತ್ತದೆ, ಕೆಲವೊಮ್ಮೆ 1.4 ದಾಟುತ್ತದೆ. ಆಗ ಕಾಲಿನ ಹೆಬ್ಬೆರಳಿನಲ್ಲಿ ರಕ್ತದ ಒತ್ತಡ ಅಳೆಯಬೇಕು, ಡಾಪ್ಲರ್ ಸ್ಕ್ಯಾನ್ ಮಾಡಬೇಕು. ಎಬಿಐ ನಾರ್ಮಲ್ ಅಂದರು ಅಂತ ಸುಮ್ಮನಾಗಬೇಡಿ. ಶುಗರ್ ಇದೆ ಎಂದು ಹೇಳಿ ಮುಂದಿನ ಪರೀಕ್ಷೆ ಕೇಳಿ.

ಈಗ ಬೀಡಿ. ನಿಮ್ಮ ತಂದೆಯ ಎದುರು ಇದನ್ನು ಓದಿ ಹೇಳಿ.

ಅಣ್ಣಾ, ನಿಮ್ಮ ಕಾಲು ಉಳಿಯುತ್ತದೋ ಇಲ್ಲವೋ ಅನ್ನುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಿಮ್ಮ ಜೇಬಿನಲ್ಲಿರುವ ಆ ಕಟ್ಟಿನದು. ಪ್ರತಿ ಬೀಡಿಯೂ ಈಗಾಗಲೇ ಕಿರಿದಾಗಿರುವ ನಾಳವನ್ನು ಇನ್ನಷ್ಟು ಹಿಂಡುತ್ತದೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಅಂದರೆ ಕಾಲಿಗೆ ಹೋಗುವ ರಕ್ತವೂ ಕಡಿಮೆ, ಹೋದ ರಕ್ತದಲ್ಲಿ ಸತ್ವವೂ ಕಡಿಮೆ. ಹತ್ತರಿಂದ ಎರಡಕ್ಕೆ ಇಳಿಸಿದ್ದೇನೆ ಅನ್ನುವ ಲೆಕ್ಕ ಈ ಕಾಯಿಲೆಯಲ್ಲಿ ನಡೆಯುವುದಿಲ್ಲ. ಪೂರ್ತಿ ಬಿಡಬೇಕು. ಬೀಡಿ ಬಿಟ್ಟು ಕಡ್ಡಿಪುಡಿಗೆ ಬಂದರೂ ಅದರಲ್ಲಿರುವುದು ಅದೇ ನಿಕೋಟಿನ್. ಒಬ್ಬರೇ ಬಿಡಲು ಆಗದಿದ್ದರೆ ನಾಚಿಕೆ ಬೇಡ. 1800-112-356 ಸರ್ಕಾರದ ಉಚಿತ ಸಹಾಯವಾಣಿ, ಫೋನ್ ಮಾಡಿ. ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆಗಳೂ ಇವೆ. ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು.

ಮನೆಯಲ್ಲಿ ಬೀಡಿ ಸೇದುವ ಹುಡುಗರಿದ್ದರೆ ಅವರಿಗೂ ಒಂದು ಮಾತು. ಶುಗರ್ ಇಲ್ಲದೆ, ಕೊಲೆಸ್ಟ್ರಾಲ್ ಇಲ್ಲದೆ, ಬರೀ ತಂಬಾಕಿನಿಂದಲೇ ಕೈಕಾಲಿನ ಸಣ್ಣ ನಾಳಗಳು ಉರಿದು ಮುಚ್ಚಿಹೋಗುವ ಕಾಯಿಲೆಯೊಂದಿದೆ. 1908ರಲ್ಲಿ ಲಿಯೋ ಬರ್ಜರ್ ಎಂಬ ವೈದ್ಯರು ಅದನ್ನು ವಿವರಿಸಿದರು. ಅವರ ಹೆಸರಲ್ಲೇ ಬರ್ಜರ್ ಕಾಯಿಲೆ ಅನ್ನುತ್ತಾರೆ. ಸಾಮಾನ್ಯವಾಗಿ 45 ದಾಟುವ ಮೊದಲೇ ಬರುತ್ತದೆ. ಇದರಲ್ಲಿ ತಂಬಾಕು ಪೂರ್ತಿ ಬಿಟ್ಟವರಿಗೆ ಕಾಲು ತೆಗೆಯುವ ಹಂತ ಬರುವುದು ಅಪರೂಪ. ಮುಂದುವರಿಸಿದವರು ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡೇ ಬೀಡಿ ಕೇಳಿದವರನ್ನೂ ನೋಡಿದ್ದೇನೆ. ಅವರ ಮೇಲೆ ಕೋಪ ಬರಲಿಲ್ಲ. ಆ ಚಟದ ಹಿಡಿತ ಎಂಥದ್ದು ಅಂತ ಗೊತ್ತಾಯಿತು.

ಎರಡನೇ ಮದ್ದು ನಡಿಗೆ. ನೋವು ಬರುವುದೇ ನಡೆದರೆ, ಮತ್ತೆ ನಡೆ ಅಂತೀರಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹೌದು. ಸ್ನಾಯು ರಕ್ತಕ್ಕಾಗಿ ಹಸಿದಾಗಲೇ ಪಕ್ಕದ ಸಣ್ಣ ನಾಳಗಳು ಅಗಲವಾಗಿ ಸುತ್ತುದಾರಿ ಮಾಡಿಕೊಡುತ್ತವೆ. ಡ್ರಿಪ್ ಪೈಪಿಗೆ ಈ ಭಾಗ್ಯ ಇಲ್ಲ, ನಮ್ಮ ಕಾಲಿಗೆ ಇದೆ. ಜೊತೆಗೆ ಬಂದಷ್ಟು ಆಮ್ಲಜನಕವನ್ನೇ ಚೆನ್ನಾಗಿ ಬಳಸಿಕೊಳ್ಳುವುದನ್ನು ಸ್ನಾಯು ಕಲಿಯುತ್ತದೆ. ಆದರೆ ಅಡ್ಡಾದಿಡ್ಡಿ ಓಡಾಟ ಇದಕ್ಕಾಗುವುದಿಲ್ಲ. ಸಮತಟ್ಟಾದ ದಾರಿ ಆರಿಸಿಕೊಳ್ಳಿ. ಮೂರರಿಂದ ಐದು ನಿಮಿಷದಲ್ಲಿ ನೋವು ಶುರುವಾಗುವಷ್ಟು ವೇಗದಲ್ಲಿ ನಡೆಯಿರಿ. ಶುರುವಾದ ಕೂಡಲೇ ನಿಲ್ಲಬೇಡಿ. ಸಾಕಪ್ಪಾ ಅನ್ನಿಸುವಷ್ಟಾದಾಗ ನಿಲ್ಲಿ. ಪೂರ್ತಿ ಇಳಿಯಲಿ. ಮತ್ತೆ ಹೊರಡಿ. ಮೊದಲ ವಾರ ನಡೆಯುವುದು, ನಿಲ್ಲುವುದು ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ ಸಾಕು. ನಿಧಾನವಾಗಿ 30ರಿಂದ 45 ನಿಮಿಷಕ್ಕೆ ಏರಿಸಿ. ವಾರಕ್ಕೆ ಕನಿಷ್ಠ ಮೂರು ದಿನ, ಐದಾದರೆ ಇನ್ನೂ ಒಳ್ಳೆಯದು. ಕನಿಷ್ಠ 12 ವಾರ ಬಿಡದೆ ಮಾಡಬೇಕು. ಅದಕ್ಕೂ ಮೊದಲು ಫಲ ಕಾಣಲಿಲ್ಲ ಅಂತ ಬಿಟ್ಟುಬಿಡುವವರೇ ಜಾಸ್ತಿ.

ಶುರುಮಾಡುವ ಮೊದಲು ಒಂದು ಇಸಿಜಿ ಮಾಡಿಸಿ. ಕಾಲಿನ ಪೈಪಿನಲ್ಲಿ ಕಟ್ಟಿದ್ದು ಹೃದಯದ ಪೈಪಿನಲ್ಲಿ, ಮಿದುಳಿಗೆ ಹೋಗುವ ಪೈಪಿನಲ್ಲಿ ಕಟ್ಟದೆ ಇರುತ್ತದೆಯೇ? ಈ ಕಾಯಿಲೆ ಇರುವವರಲ್ಲಿ ಹೃದಯಾಘಾತ, ಲಕ್ವದ ಭಯ ಹೆಚ್ಚು. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಿಸಬೇಕು. ಪಾದದಲ್ಲಿ ಹುಣ್ಣಿದ್ದರೆ ಈ ನಡಿಗೆ ಸದ್ಯಕ್ಕೆ ಬೇಡ.

ಹಾಗಾಗಿಯೇ ಮಾತ್ರೆಗಳನ್ನು ಕಾಲಿಗೆ ಮಾತ್ರ ಅಂತ ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಕೊಬ್ಬು ಕಟ್ಟದಂತೆ ಸ್ಟ್ಯಾಟಿನ್ ಬರೆಯುತ್ತಾರೆ. ಕೊಲೆಸ್ಟ್ರಾಲ್ ನಾರ್ಮಲ್ ಬಂದಿದ್ದರೂ ಸ್ಟ್ಯಾಟಿನ್ ಬೇಕು. ಸಿಲೊಸ್ಟಜೋಲ್ ಎಂಬ ಮಾತ್ರೆ ನಡೆಯುವ ದೂರವನ್ನು ಸ್ವಲ್ಪ ಹೆಚ್ಚಿಸುತ್ತದೆ, ಆದರೆ ಹೃದಯ ದುರ್ಬಲವಾಗಿರುವವರಿಗೆ ಕೊಡಬಾರದು. ಆದ್ದರಿಂದ ಯಾರದೋ ಚೀಟಿ ತೋರಿಸಿ ತರಬೇಡಿ. ಶುಗರ್, ಬಿಪಿ ಹಿಡಿತದಲ್ಲಿರಲಿ. ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಬನ್ನಿ. ಆ ಜಾಗಕ್ಕೆ ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಹಾಕಿಕೊಳ್ಳಿ. ರಾಗಿಯೂ ಶುಗರ್ ಏರಿಸುತ್ತದೆ ಅನ್ನುವುದನ್ನು ನಾವು ಮರೆಯುತ್ತೇವೆ.

ಇನ್ನು ಆ ಮಷೀನ್. ಬೇಡ. ಅದು ಪಾದವನ್ನು ಅದುರಿಸುತ್ತದೆ, ಸ್ವಲ್ಪ ಹೊತ್ತು ಹಿತ ಅನ್ನಿಸುತ್ತದೆ. ಕಟ್ಟಿಕೊಂಡ ಧಮನಿಯನ್ನು ಅದು ಬಿಡಿಸುವುದಿಲ್ಲ. ಸ್ಪರ್ಶ ಇಲ್ಲದ ಪಾದದಲ್ಲಿ ಚರ್ಮ ಉಜ್ಜಿ ಗಾಯವೂ ಆಗಬಹುದು. ಆ ದುಡ್ಡಿನಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಳ್ಳಿ. ಇಂಜೆಕ್ಷನ್ನಿಗೂ ಇದೇ ಮಾತು. ಬಿ12 ಕೊರತೆ ಇದ್ದರೆ ಅದು ಬೇಕು, ಶುಗರಿಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಆ ಕೊರತೆ ಬರುವುದೂ ಉಂಟು. ಆದರೆ ರಕ್ತ ಬರದ ಕಾಲಿಗೆ ನರದ ಇಂಜೆಕ್ಷನ್ ಏನು ಮಾಡೀತು?

ಚಪ್ಪಲಿ ಅಂದೆನಲ್ಲ. ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಅಟ್ಟೆ ಇರುವುದು, ಹಿಂದೆ ಪಟ್ಟಿ ಇರುವುದು ತನ್ನಿ. ಮನೆಯೊಳಗೂ ಬರಿಗಾಲು ಬೇಡ. ಗೂಡು ಬೇಯಿಸುವ ಜಾಗದಲ್ಲಿ ಬಿಸಿನೀರು ಚೆಲ್ಲುತ್ತದೆ, ನೆಲ ಸದಾ ಒದ್ದೆ. ಅಲ್ಲಿ ಮುಚ್ಚಿದ ಚಪ್ಪಲಿಯೇ ಬೇಕು. ಕೆಲಸ ಮುಗಿದ ಮೇಲೆ ಬೆರಳ ಸಂದಿ ಒರೆಸಿ ಒಣಗಿಸಬೇಕು. ಕೆಸರುಹುಣ್ಣು ಆದರೆ ಅದರಿಂದಲೇ ಸೋಂಕು ಒಳಗೆ ಹೋಗುತ್ತದೆ. ಒಣಗಿದ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಆಣಿ ಇದ್ದರೆ ಬ್ಲೇಡಿನಲ್ಲಿ ಕೆತ್ತಬೇಡಿ, ಆಣಿ ಪಟ್ಟಿ ಅಂಟಿಸಬೇಡಿ. ಅದರಲ್ಲಿರುವ ಆಸಿಡ್ ಚರ್ಮವನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ನಂದಿಯ ಭೋಗನಂದೀಶ್ವರನ ದರ್ಶನಕ್ಕೆ ಹೋದರೆ ಬೆಳಿಗ್ಗೆಯೇ ಹೋಗಿ, ಸಾಕ್ಸ್ ಹಾಕಿಕೊಂಡು ನಡೆಯಲಿ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಸ್ಪರ್ಶವಿಲ್ಲದ ಅಂಗಾಲು ಸುಟ್ಟದ್ದು ಗೊತ್ತೇ ಆಗುವುದಿಲ್ಲ. ರಾತ್ರಿ ಮಲಗುವ ಮುಂಚೆ ನೀವೋ ಅಮ್ಮನೋ ಎರಡೂ ಅಂಗಾಲು, ಬೆರಳ ಸಂದಿ ನೋಡಿ. ಬಿಸಿನೀರಿನ ಬ್ಯಾಗ್ ಇಡುತ್ತಿದ್ದ ಹೊತ್ತಿಗೆ ಅಮ್ಮ ಈ ಕೆಲಸ ಮಾಡಲಿ.

ಕಾಯಬಾರದ ಸಂದರ್ಭಗಳು ಇವು. ರಾತ್ರಿ ಮಲಗಿದಾಗ ಪಾದ, ಬೆರಳು ನೋಯಲು ಶುರುವಾಗಿ, ಕಾಲನ್ನು ಮಂಚದಿಂದ ಕೆಳಗೆ ಬಿಟ್ಟರೆ ಹಿತ ಅನ್ನಿಸಿದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣು, ಬೆರಳಿನ ತುದಿ ಕಪ್ಪಾಗುವುದು ಕಂಡರೆ, ಅದೇ ವಾರ ರಕ್ತನಾಳದ ಸರ್ಜನ್ ಹತ್ತಿರ ಹೋಗಬೇಕು. ಆ ಹಂತದಲ್ಲೂ ಬಲೂನ್ ಹಾಕಿ ನಾಳ ಅಗಲಿಸಬಹುದು, ಬೈಪಾಸ್ ಮಾಡಬಹುದು. ತಡವಾದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ. ಇದ್ದಕ್ಕಿದ್ದಂತೆ ಕಾಲು ವಿಪರೀತ ನೋಯುತ್ತಾ ಮಂಜಿನ ಹಾಗೆ ತಣ್ಣಗಾಗಿ, ಬಿಳಿಚಿ, ಬೆರಳು ಅಲ್ಲಾಡಿಸಲು ಆಗದಿದ್ದರೆ ವಾರವಲ್ಲ, ಗಂಟೆಗಳ ಲೆಕ್ಕ. ಸುಮಾರು ಆರು ಗಂಟೆಯೊಳಗೆ ರಕ್ತ ಮರಳಬೇಕು. ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ರಕ್ತನಾಳದ ಸರ್ಜರಿ ಇರುವ ಬೆಂಗಳೂರಿನ ಆಸ್ಪತ್ರೆಗೆ ನೇರ ಹೊರಡಿ. ಇನ್ನು ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಬಿಗಿದು ನೋಯುತ್ತಿದ್ದರೆ ಅದು ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದಿರಬಹುದು. ಅದನ್ನು ತಿಕ್ಕಬೇಡಿ. ಅವತ್ತೇ ತೋರಿಸಿ.

ನಿಮ್ಮ ತಂದೆ ಸದ್ಯಕ್ಕೆ ಆ ಹಂತದಲ್ಲಿ ಇದ್ದಂತೆ ಕಾಣುವುದಿಲ್ಲ. ಅದೇ ನನ್ನ ಸಮಾಧಾನ. ನಡೆದರೆ ಮಾತ್ರ ನೋವು ಇರುವವರಲ್ಲಿ ಹೆಚ್ಚಿನವರು ಬೀಡಿ ಬಿಟ್ಟು, ನಡೆದು, ಮಾತ್ರೆ ತಪ್ಪಿಸದೆ ಇದ್ದರೆ ಆಪರೇಷನ್ ಇಲ್ಲದೆಯೇ ಕಾಲು ಉಳಿಸಿಕೊಳ್ಳುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಅವೆರಡನ್ನೂ ನೋಡಿಸಿ, ಅಲ್ಲಿಂದ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮುಂದೆ ದೊಡ್ಡ ಚಿಕಿತ್ಸೆ ಬೇಕಾದರೆ, ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಕೇಳಿ ಇಟ್ಟುಕೊಳ್ಳಿ.

ಹೋಗುವವರೆಗೆ ಒಂದು ಲೆಕ್ಕ ಬರೆದಿಡಿ. ಮನೆಯಿಂದ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಕರೆಂಟ್ ಕಂಬಗಳಿರುತ್ತವೆ. ಎಷ್ಟನೇ ಕಂಬದ ಹತ್ತಿರ ಕಾಲು ಹಿಡಿಯಿತು ಅಂತ ಅಪ್ಪನನ್ನು ಪ್ರತಿದಿನ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಕೆಳಗೆ ಬರೆಯಿರಿ. ಅವತ್ತು ಸೇದಿದ ಬೀಡಿ ಎಷ್ಟು ಅಂತಲೂ ಪಕ್ಕದಲ್ಲೇ ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ.